ಓನರ್ ಅಜ್ಜಿಯ ಬಾಳಕ

ಇಟ್ಟಮಡು, ಬೆಂಗಳೂರು
11 ಮೇ 1997

ಚಿ. ಸೌ. ಸುಧಾಮಣಿಗೆ ಪಾರ್ವತಮ್ಮನ ಆಶೀರ್ವಾದಗಳು.

'ಸೌ' ಅಂತ ಬರೆದಿದ್ದೇನೆ, ನೋಡಿದೆಯಾ? ಸುಭಾಷ್ ಹೋದ ಮೇಲೆ ನಿನ್ನ ತವರಿಗೆ ಕಾಗದ ಬರೆದಾಗಲೆಲ್ಲ ಬರೀ 'ಚಿ.' ಹಾಕಿ ಮುಂದಕ್ಕೆ ಹೋಗುತ್ತಿದ್ದೆ, ಕೈ ಅಲ್ಲೇ ತಡೆಯುತ್ತಿತ್ತು. ಈಗ ರವಿಕುಮಾರರ ಕೈಹಿಡಿದು ಅಷ್ಟು ದೂರ ಉತ್ತರದ ಬೆಟ್ಟಗಳಿಗೆ ಹೋಗಿದ್ದೀಯ, ಧೈರ್ಯವಾಗಿ ಬರೆಯಬಹುದು. ಮಗ ಸತ್ತ ಎರಡೇ ವರ್ಷಕ್ಕೆ ತಾನೇ ನಿಂತು ಸೊಸೆಗೆ ಇನ್ನೊಂದು ಮದುವೆ ಮಾಡಿಸಿದಳು ಎಂದು ನಮ್ಮ ಬೀದಿಯಲ್ಲಿ ಆಡಿಕೊಳ್ಳದವರಿಲ್ಲ. ಆಡಿಕೊಳ್ಳಲಿ. ಚಿಕ್ಕ ವಯಸ್ಸಿನ ಹುಡುಗಿಯನ್ನು ಮೂಲೆಯಲ್ಲಿ ಕೂರಿಸಿ ನಾನು ಯಾವ ಸ್ವರ್ಗಕ್ಕೆ ಹೋಗಬೇಕಿತ್ತು. ನಿನ್ನ ಮಾವ ಮಾತ್ರ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾರೆ. ಮದುವೆಗೂ ಬರಲಿಲ್ಲ. ಈಗಲೂ ನಿನ್ನ ಹೆಸರು ಎತ್ತಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾರೆ.

ಈಗ ಪಾರ್ಸೆಲ್ ವಿಷಯ. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತದೆ, ಆಲೂಗಡ್ಡೆ ಬಿಟ್ಟರೆ ತರಕಾರಿಯ ಮುಖ ಕಾಣುವುದಿಲ್ಲ ಎಂದು ನೀನು ಬರೆದಿದ್ದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಸಂಡಿಗೆ, ಬಾಳಕ ಮಾಡಬಾರದು ಅಂತ ಒಂದು ಬೇಸಿಗೆ ಬಿಟ್ಟೆ. ಅದರ ಮುಂದಿನ ಬೇಸಿಗೆ ಮನಸ್ಸಾಗದೆ ಬಿಟ್ಟೆ. ಈ ಸಲ ಹೊಸಕೆರೆಹಳ್ಳಿ ಕಡೆಯ ನಾರಾಯಣಮ್ಮ ಎಳೇ ಗೋರಿಕಾಯಿ ಬುಟ್ಟಿ ಇಳಿಸಿ ಬಾಗಿಲಲ್ಲಿ ಕೂತುಬಿಟ್ಟಳು. "ಎಷ್ಟು ದಿನ ಅಂತ ತಾರಸೀನ ಖಾಲಿ ಬಿಡ್ತೀಯಕ್ಕ, ಮಾಡು" ಅಂದಳು. ಮಾಡಿದೆ. ಗೋರಿಕಾಯಿ, ಮೆಣಸಿನಕಾಯಿ, ಹಾಗಲಕಾಯಿ ಮೂರನ್ನೂ ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ನೆನೆಸುವುದು, ಬೆಳಗ್ಗೆ ಬಿಸಿಲಿಗೆ ಹರಡುವುದು, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುವುದು. ಪಾತ್ರೆಯಲ್ಲಿ ಮಜ್ಜಿಗೆ ಪೂರ್ತಿ ಹೀರಿಕೊಂಡ ಮೇಲೆ ಗಲಗಲ ಅನ್ನುವ ಹಾಗೆ ಒಣಗಿಸಿ ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿದ್ದೇನೆ. ಒಂದೊಂದಕ್ಕೂ ನನ್ನ ಹಳೇ ಸೀರೆ ಸುತ್ತಿದ್ದೇನೆ. ಒದ್ದೆ ಕೈ ಹಾಕಬೇಡ, ಬೂಷ್ಟು ಹಿಡಿಯುತ್ತದೆ. ಎಣ್ಣೆಯಲ್ಲಿ ಕರಿದು ಅನ್ನದ ಜೊತೆ ನಂಜಿಕೊಳ್ಳಿ.

ನಾನು ನಿನ್ನನ್ನು ಮದುವೆ ಮಾಡಿ ಕಳಿಸುವಾಗ ಒಂದೇ ಒಂದು ಮಾತು ತೆಗೆದುಕೊಂಡೆ. ನೆನಪಿದೆ ತಾನೆ? ಮಹಾಲಯ ಅಮಾವಾಸ್ಯೆ ದಿನ ಸುಭಾಷನಿಗೆ ಎಡೆ ಇಡಬೇಕು. ಸತ್ತವರಿಗೆ ಇಷ್ಟವಾದದ್ದನ್ನು ಅವರ ಮಕ್ಕಳೇ ಎಲೆಗೆ ಬಡಿಸಬೇಕು, ನಮ್ಮ ಮನೆಯ ಪದ್ಧತಿ ಅದು. ಅವನಿಗೆ ಗೋರಿಕಾಯಿ ಬಾಳಕ ಅಂದರೆ ಪ್ರಾಣ, ನಿನಗೆ ಗೊತ್ತು. ಅನ್ನಪೂರ್ಣನ ಕೈಯಿಂದ ಒಂದೇ ಒಂದು ತುಂಡು ಇಡಿಸು. ನಾಲ್ಕು ವರ್ಷದ ಮಗು, ಮಂತ್ರ ತಂತ್ರ ಏನೂ ಬೇಡ. "ಅಪ್ಪಾ, ತಗೋ" ಅಂದರೆ ಸಾಕು.

ರವಿಕುಮಾರರಿಗೆ ನನ್ನ ಆಶೀರ್ವಾದ ತಿಳಿಸು.

ಪಾರ್ವತಮ್ಮ


ಪ್ರಾಜೆಕ್ಟ್ ಕಾಲೊನಿ, ಕಿನ್ನೌರ್
6 ಅಕ್ಟೋಬರ್ 1997

ಅತ್ತೆಯವರಿಗೆ ಸುಧಾ ಮಾಡುವ ನಮಸ್ಕಾರಗಳು.

ಬಾಟಲಿಗಳೆಲ್ಲ ತಲುಪಿದವು. ಹಾಗಲಕಾಯಿಯದು ಮಾತ್ರ ದಾರಿಯಲ್ಲಿ ಒಡೆದಿತ್ತು. ಗಾಜಿನ ಚೂರು ಇರಬಹುದೆಂದು ಅಷ್ಟನ್ನೂ ಎಸೆಯಬೇಕಾಯಿತು, ತುಂಬಾ ಸಂಕಟವಾಯಿತು. ಉಳಿದದ್ದನ್ನು ಜೋಪಾನವಾಗಿ ಮೇಲಿನ ಶೆಲ್ಫಿನಲ್ಲಿಟ್ಟಿದ್ದೇನೆ. ಹಿಮ ಬೀಳುವವರೆಗೆ ಮುಟ್ಟಬಾರದು ಎಂದು ಇವರಿಗೂ ಕಟ್ಟಪ್ಪಣೆ ಮಾಡಿದ್ದೇನೆ.

ಅಮಾವಾಸ್ಯೆ ದಿನ ಅನು ಎಡೆ ಇಟ್ಟಳು. ಇಲ್ಲಿ ಬಾಳೆಲೆ ಸಿಗುವುದಿಲ್ಲ, ಸ್ಟೀಲ್ ತಟ್ಟೆಯಲ್ಲೇ ಬಡಿಸಿದೆವು. ಗೋರಿಕಾಯಿಯನ್ನು ಅವಳೇ ಇಟ್ಟಳು. ಹೊರಗೆ ಕಟ್ಟೆಯ ಮೇಲೆ ಇಟ್ಟ ತಕ್ಷಣ ಕಾಗೆ ಬಂದು ಮುಟ್ಟಿತು.

ಮಾವನವರ ಆರೋಗ್ಯ ಹೇಗಿದೆ? ಅವರಿಗೆ ನನ್ನ ಮೇಲೆ ಕೋಪ ಇದ್ದರೆ ಇರಲಿ, ಚಳಿ ಬಂದಾಗ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳಲು ಹೇಳಿ.

ನಿಮ್ಮ
ಸುಧಾ


ಇಟ್ಟಮಡು
22 ಅಕ್ಟೋಬರ್ 1997

ಚಿ. ಸೌ. ಸುಧಾಮಣಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದಾಗ ನಿನ್ನ ಮಾವ ಊಟಕ್ಕೆ ಕೂತಿದ್ದರು. ನಾನು ಬೇಕೆಂದೇ ಜೋರಾಗಿ ಓದಿದೆ. ಎದ್ದು ಹೋಗಲು ಎಂಜಲು ಕೈ. ಎಲ್ಲಿಗೆ ಹೋಗುತ್ತಾರೆ? ಮಗು ಎಡೆ ಇಟ್ಟಿತು, ಕಾಗೆ ಮುಟ್ಟಿತು ಎಂದು ಓದಿದಾಗ ತಟ್ಟೆಯಲ್ಲೇ ಕೈ ನಿಲ್ಲಿಸಿಬಿಟ್ಟರು. ಆಮೇಲೆ "ಇನ್ನೊಂದು ಮುದ್ದೆ ಹಾಕು" ಅಂದರು. ಸುಭಾಷ್ ಹೋದ ಮೇಲೆ ಅವರು ಒಂದರ ಮೇಲೆ ಇನ್ನೊಂದು ಕೇಳಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಸಂತೋಷಕ್ಕೆ ಕಣೇ, ನೀನು ಏನೇನೋ ಅಂದುಕೊಳ್ಳಬೇಡ.

ಅನ್ನಪೂರ್ಣ ಏನಂದಳು ಅಂತ ನೀನು ಬರೆಯಲೇ ಇಲ್ಲ. ಅಪ್ಪ ಹೇಗಿದ್ದರು ಅಂತ ಕೇಳಿದಳಾ? ಕೇಳಿದರೆ ಕಾಮಾಲೆ, ಆಸ್ಪತ್ರೆ ಅದೆಲ್ಲ ಹೇಳಬೇಡ. ಬನಶಂಕರಿ ಗುಡಿ ಹತ್ತಿರ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಲೂನು ಕೊಡಿಸುತ್ತಿದ್ದ, ಅದನ್ನು ಹೇಳು. ಮುಂದಿನ ಕಾಗದದಲ್ಲಿ ವಿವರವಾಗಿ ಬರಿ.

ಪಾರ್ವತಮ್ಮ


ಕಿನ್ನೌರ್
18 ಜನವರಿ 1998

ಅತ್ತೆಯವರಿಗೆ ನಮಸ್ಕಾರಗಳು.

ರಸ್ತೆ ಮುಚ್ಚಿತ್ತು, ನಿಮ್ಮ ಕಾಗದ ತಡವಾಗಿ ಕೈಸೇರಿತು. ಇಲ್ಲಿ ಕಿಟಕಿಯವರೆಗೆ ಹಿಮ. ದಿನಾ ಆಲೂಗಡ್ಡೆ. ನಿನ್ನೆ ನಿಮ್ಮ ಮೆಣಸಿನಕಾಯಿ ಕರಿದೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಘಮಕ್ಕೆ ಬಾಗಿಲು ತಟ್ಟಿಕೊಂಡು ಬಂದರು. ಇವರು ಮಜ್ಜಿಗೆ ಅನ್ನದ ಜೊತೆ ಒಬ್ಬರೇ ಅರ್ಧ ತಟ್ಟೆ ಮುಗಿಸಿದರು.

ಅನು ಚೆನ್ನಾಗಿದ್ದಾಳೆ. ಹಿಂದಿ ಮಾತಾಡುತ್ತಾಳೆ. ಮುಂದಿನ ಹಲ್ಲು ಅಲುಗಾಡುತ್ತಿದೆ. ಮತ್ತೇನೂ ವಿಶೇಷವಿಲ್ಲ.

ಸುಧಾ


ಇಟ್ಟಮಡು
30 ಮೇ 1999

ಚಿ. ಸೌ. ಸುಧಾಮಣಿಗೆ ಆಶೀರ್ವಾದಗಳು.

ಈ ವರ್ಷದ ಬಾಟಲಿಗಳನ್ನು ಕಳಿಸಿದ್ದೇನೆ. ಗೋರಿಕಾಯಿ ತಂದವರು ಯಾರು ಗೊತ್ತಾ? ನಿನ್ನ ಮಾವ. ನಾರಾಯಣಮ್ಮನದು ಬಲಿತಿದೆ ಎಂದು ಜಗಳ ತೆಗೆದು, ತಾವೇ ಕತ್ರಿಗುಪ್ಪೆಗೆ ಹೋಗಿ ಆರಿಸಿ ತಂದರು. ತಾರಸಿಯಲ್ಲಿ ಕೋಲು ಹಿಡಿದು ಕೂತು ಮಂಗ, ಅಳಿಲು ಎಲ್ಲವನ್ನೂ ಓಡಿಸಿದರು. "ನನ್ನ ಮೊಮ್ಮಗಳು ಎಡೆಗೆ ಇಡೋದು ಇದು" ಎಂದು ಮೇಲುಮನೆ ಬೋರಣ್ಣನ ಹತ್ತಿರ ಹೇಳಿಕೊಂಡಿದ್ದನ್ನು ನಾನು ಮೆಟ್ಟಿಲ ಮೇಲಿಂದ ಕೇಳಿಸಿಕೊಂಡೆ. ನಿನ್ನ ಮೇಲೆ ಇದ್ದ ಸಿಟ್ಟು ಆ ಎಡೆಯಿಂದಲೇ ಕರಗಿತು, ಸುಧಾ. ಬಾಯಿಬಿಟ್ಟು ಹೇಳುವ ಜನ ಅವರಲ್ಲ.

ಈಗ ನನ್ನ ಸಿಟ್ಟಿನ ಮಾತು. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಮಗು ಅಪ್ಪನ ಬಗ್ಗೆ ಏನು ಕೇಳುತ್ತದೆ, ನೀನು ಏನು ಹೇಳುತ್ತೀಯ? ನೀನು ಹಿಮ ಬಿತ್ತು, ಹಲ್ಲು ಬಿತ್ತು ಎಂದು ಬರೆಯುತ್ತೀಯ. ನಾನೇನು ದಡ್ಡಿಯಲ್ಲ. ಆ ಮನೆಯಲ್ಲಿ ಸುಭಾಷನ ಹೆಸರು ಎತ್ತಬಾರದು ಅಂತ ರವಿಕುಮಾರ್ ತಾಕೀತು ಮಾಡಿದ್ದಾರೆ ತಾನೆ? ಒಳ್ಳೆಯವರು ಎಂದು ನಂಬಿ ನಾನೇ ಮುಂದೆ ಬಿದ್ದು ಮದುವೆ ಮಾಡಿಸಿದೆ. ಸತ್ತವನ ಮೇಲೆ ಎಂಥ ಹೊಟ್ಟೆಕಿಚ್ಚು ಅವರಿಗೆ? ನೀನು ಹೇಳಲಾಗದಿದ್ದರೆ ನಾನೇ ಅವರಿಗೆ ಬರೆಯುತ್ತೇನೆ.

ಅದಕ್ಕಿಂತ, ಮಗುವನ್ನು ಒಮ್ಮೆ ಕರೆದುಕೊಂಡು ಬಾ. ನೀನೇನೂ ಹೇಳುವುದು ಬೇಡ. ಅವಳ ಅಪ್ಪ ಹುಟ್ಟಿದ ಮನೆ, ಓದಿದ ಶಾಲೆ, ಎಲ್ಲ ನಾವು ತೋರಿಸುತ್ತೇವೆ. ನನಗೂ ಸಕ್ಕರೆ ಕಾಯಿಲೆ, ಕಣ್ಣು ಮಂಜಾಗುತ್ತಿದೆ. ಕಾಣುವಷ್ಟರಲ್ಲಿ ನೋಡಿಬಿಡಬೇಕು.

ಪಾರ್ವತಮ್ಮ


ಕಿನ್ನೌರ್
28 ನವೆಂಬರ್ 1999

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದನ್ನು ಇಷ್ಟು ತಿಂಗಳು ಮುಂದೂಡಿದೆ. ದಯವಿಟ್ಟು ಇವರಿಗೆ ಬರೆಯಬೇಡಿ. ಇವರದೇನೂ ತಪ್ಪಿಲ್ಲ. "ಹೇಳಿಬಿಡು ಸುಧಾ, ಮುಚ್ಚಿಡಬೇಡ" ಎಂದು ಇವರು ಹೇಳುತ್ತಲೇ ಇದ್ದಾರೆ. ಹೇಳದವಳು ನಾನು. ಫೋನಿನಲ್ಲಿ ಆಡಲಾಗದ ಮಾತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷದ ಅಮಾವಾಸ್ಯೆ ದಿನ ಅನುವನ್ನು ಕೂರಿಸಿಕೊಂಡು ತಟ್ಟೆ ಮುಂದಿಟ್ಟೆ. ಗೋರಿಕಾಯಿ ಕೈಗೆ ಕೊಟ್ಟೆ. "ಇದು ಯಾರಿಗಮ್ಮ?" ಎಂದು ಕೇಳಿದಳು. ಅಷ್ಟರಲ್ಲಿ ಇವರು ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಅವಳು ಎಲ್ಲ ಬಿಟ್ಟು "ಅಪ್ಪಾ" ಎಂದು ಓಡಿ ಅವರ ಕತ್ತಿಗೆ ಜೋತುಬಿದ್ದಳು. ಹಾಗೆ ಕರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ವಾಪಸ್ ಬಂದು ಮತ್ತೆ ಕೇಳಿದಳು, "ಯಾರಿಗೆ?" ನನ್ನ ಬಾಯಿಂದ "ದೇವರಿಗೆ" ಅಂತ ಬಂತು. ಅವಳು ದೇವರಿಗೆ ಅಂತಲೇ ಇಟ್ಟಳು. ಪ್ರತಿ ವರ್ಷವೂ ದೇವರಿಗೇ ಇಟ್ಟಿದ್ದಾಳೆ. ಕಾಗೆ ಬಂದದ್ದೂ ಸುಳ್ಳು ಅತ್ತೆ. ನಿಮ್ಮ ಸಮಾಧಾನಕ್ಕೆ ಬರೆದೆ.

ಇವರದು ಇಲ್ಲಿಯ ವಿದ್ಯುತ್ ಪ್ರಾಜೆಕ್ಟಿನ ಸುರಂಗದೊಳಗಿನ ಕೆಲಸ. ಅಲ್ಲಿ ಬಂಡೆ ಕುಸಿದ ಸುದ್ದಿ ಕಾಲೊನಿಯಲ್ಲಿ ಆಗಾಗ ಬರುತ್ತದೆ. ಇವರ ಜೀಪು ತಡವಾದರೆ ಅನು ಊಟ ಮಾಡದೆ ಕಿಟಕಿಯಲ್ಲಿ ನಿಂತಿರುತ್ತಾಳೆ. ಅಪ್ಪ ಅನ್ನುವವರು ಸತ್ತುಹೋಗುತ್ತಾರೆ, ನಿನಗೆ ಆಗಲೇ ಒಬ್ಬರು ಹೋಗಿದ್ದಾರೆ ಎಂದು ಆ ಮಗುವಿಗೆ ನಾನು ಹೇಗೆ ಹೇಳಲಿ? ನನ್ನದೂ ಒಂದು ಸ್ವಾರ್ಥವಿದೆ. ಯಾರೂ ಸಾಯದ ಒಂದು ಮನೆ ನನಗೆ ಬೇಕಿತ್ತು. ಇಲ್ಲಿಗೆ ಬಂದ ಮೇಲೆ ಅಂಥ ಮನೆ ಸಿಕ್ಕಿತು ಎಂದುಕೊಂಡು ಬದುಕುತ್ತಿದ್ದೇನೆ.

ಇನ್ನೊಂದು ಮಾತೂ ಇದೆ. ಈ ಬಾಟಲಿಗಳನ್ನು ಯಾರು ಕಳಿಸುತ್ತಾರೆ ಎಂದು ಅವಳು ಕೇಳುತ್ತಾಳೆ. ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಅಜ್ಜಿ ಎಂದು ಹೇಳಿದ್ದೇನೆ. ಅವಳು ನಿಮ್ಮನ್ನು ಓನರ್ ಅಜ್ಜಿ ಎಂದೇ ಕರೆಯುತ್ತಾಳೆ.

ಫೆಬ್ರವರಿಯಲ್ಲಿ ಇಲ್ಲಿ ಶಾಲೆಗೆ ಚಳಿಗಾಲದ ರಜೆ. ಅವಳನ್ನು ಕರೆದುಕೊಂಡು ಬರಬೇಕೆಂದಿದ್ದೇನೆ. ಬರಲೋ ಬೇಡವೋ ನೀವೇ ಹೇಳಿ. ಬಂದರೆ ಅವಳಿಗೆ ಏನೂ ತಿಳಿಯಬಾರದು. ಕೇಳಲು ನನಗೆ ಯಾವ ಮುಖವೂ ಇಲ್ಲ, ಆದರೂ ಕೇಳುತ್ತಿದ್ದೇನೆ.

ಸುಧಾ


ಇಟ್ಟಮಡು
19 ಡಿಸೆಂಬರ್ 1999

ಸುಧಾಮಣಿಗೆ,

ಬೈದು ಬರೆದ ಎರಡು ಕಾಗದಗಳನ್ನು ಒಲೆಗೆ ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನೀನು ಕಟ್ಟಿದ ಕಥೆಯಲ್ಲಿ ಓನರ್ ಇದ್ದಾಳೆ, ಬಾಡಿಗೆಯವರಿದ್ದಾರೆ, ನನ್ನ ಮಗ ಮಾತ್ರ ಎಲ್ಲೂ ಇಲ್ಲ. ನಾನು ಕೇಳಿದ್ದು ವರ್ಷಕ್ಕೆ ಒಂದು ತುಂಡು ಗೋರಿಕಾಯಿ. ಆಸ್ತಿ ಕೇಳಲಿಲ್ಲ, ಮಗುವನ್ನು ಕೊಡು ಎನ್ನಲಿಲ್ಲ. ಅವನದು ಅಂತ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದು ಜೀವ. ಅದಕ್ಕೆ ಅವನ ಹೆಸರೂ ಗೊತ್ತಿಲ್ಲ.

ರವಿಕುಮಾರರ ಬಗ್ಗೆ ಅಂದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅವರಿಗೆ ಏನೂ ಹೇಳಬೇಡ.

ಕಿಟಕಿಯ ಮಾತನ್ನು ಎರಡು ಸಲ ಓದಿದೆ. ಸುಭಾಷ್ ಸಹ ಹಾಗೇ, ನಿನ್ನ ಮಾವನ ಬಸ್ಸು ಡಿಪೋ ಸೇರಿ ಅವರು ಮನೆಗೆ ಬರುವವರೆಗೆ ಗೇಟು ಹಿಡಿದು ನಿಂತಿರುತ್ತಿದ್ದ.

ಬಾ. ಏನೂ ಹೇಳುವುದಿಲ್ಲ. ನಿನ್ನ ಮಾವನಿಗೆ ಮಾತ್ರ ಹೇಳಲೇಬೇಕು, ಇಲ್ಲದಿದ್ದರೆ ಮಗುವನ್ನು ಕಂಡ ಕೂಡಲೇ ಬಾಯಿ ಬಿಡುತ್ತಾರೆ. ಹೇಗೆ ಹೇಳಲಿ ಅಂತ ನನಗೇ ತಿಳಿಯುತ್ತಿಲ್ಲ.

ಪಾರ್ವತಮ್ಮ


ಕಿನ್ನೌರ್
3 ಮಾರ್ಚ್ 2000

ಅತ್ತೆಯವರಿಗೆ ನಮಸ್ಕಾರಗಳು.

ಸುಖವಾಗಿ ತಲುಪಿದೆವು. ರೈಲಿನ ತುಂಬಾ ಅನುಗೆ ಓನರ್ ಅಜ್ಜಿಯದೇ ಮಾತು. ಅಷ್ಟು ಬೇಗ ಬಿಸಿಲು ನೋಡಿ ನಮಗೋಸ್ಕರವೇ ಬಾಳಕ ಶುರು ಮಾಡಿದ್ದಿರಲ್ಲ, ಅವಳಿಗೆ ಆ ಕೆಲಸ ತುಂಬಾ ಹಿಡಿಸಿದೆ. ಇಲ್ಲಿ ಹಾಸಿಗೆಯ ಮೇಲೆ ಪೆನ್ಸಿಲ್‌ಗಳನ್ನು ಸಾಲಾಗಿ ಹರಡಿ ಸಂಜೆ ಎತ್ತಿಡುವ ಆಟ ಆಡುತ್ತಿದ್ದಾಳೆ.

ಹಾಲ್‌ನಲ್ಲಿ ಫೋಟೋ ಇರಲಿಲ್ಲ. ನೀವು ತೆಗೆದಿಟ್ಟಿದ್ದೀರಿ ಎಂದು ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು. ನಿಮ್ಮ ಕಾಲು ಹಿಡಿದುಕೊಂಡಾಗ ಅದಕ್ಕೇ ಎದ್ದೇಳಲು ಆಗಲಿಲ್ಲ.

ಮಾವ ಇನ್ನೂ ಕೋಪ ಬಿಟ್ಟಿಲ್ಲ. ನಾವು ಬರುತ್ತೇವೆಂದು ಗೊತ್ತಿದ್ದೂ ಬೆಳಗ್ಗೆಯೇ ಹೊರಟುಹೋಗಿ, ನಾವು ಸಂಜೆ ಹೊರಡುವವರೆಗೂ ಬರಲಿಲ್ಲ. ನನ್ನ ಮುಖ ನೋಡುವುದು ಬೇಡ, ಮೊಮ್ಮಗಳ ಮುಖವನ್ನಾದರೂ ನೋಡಬಹುದಿತ್ತು. ನನ್ನದೇ ತಪ್ಪು, ಅವರನ್ನು ಏನೆಂದು ದೂರಲಿ.

ನಾನು ಕೆಳಗೆ ಅಡುಗೆ ಮಾಡುತ್ತಿದ್ದಾಗ ನೀವಿಬ್ಬರೂ ತಾರಸಿಯಲ್ಲಿ ಬಹಳ ಹೊತ್ತು ಇದ್ದಿರಿ. ಏನು ಮಾತಾಡಿದಿರಿ? ಅವಳನ್ನು ಕೇಳಿದರೆ ಸರಿಯಾಗಿ ಹೇಳುವುದಿಲ್ಲ. ಏನಾದರೂ ಕೇಳಿದಳಾ?

ಸುಧಾ


ಇಟ್ಟಮಡು
21 ಮಾರ್ಚ್ 2000

ಚಿ. ಸೌ. ಸುಧಾಮಣಿಗೆ ಆಶೀರ್ವಾದಗಳು.

ನಿನ್ನ ಮಾವ ಬೋರಣ್ಣನ ಜೊತೆ ಪೆನ್ಷನ್ನಿಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಬರೆದು ಡಬ್ಬಿಗೆ ಹಾಕಬೇಕು.

ಅವರ ಮೇಲೆ ಸಲ್ಲದ ಮಾತು ಹೊರಿಸಬೇಡ. ನಿನ್ನ ಕಾಗದದ ವಿಷಯ ಹೇಳಿದಾಗ ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ನೀವು ಬರುವ ದಿನ ಬೆಳಗ್ಗೆ ಎದ್ದು ಸ್ನಾನ ಮಾಡಿ, ಸ್ಟೂಲು ಹಾಕಿಕೊಂಡು ಸುಭಾಷನ ಫೋಟೋವನ್ನು ಅವರೇ ಇಳಿಸಿದರು. ನಾನಲ್ಲ. ನನಗೆ ಅದಕ್ಕೆ ಕೈಯೇ ಏಳುತ್ತಿರಲಿಲ್ಲ. "ಮಗು ಮುಂದೆ ನಿಂತ್ರೆ ನನ್ ಬಾಯಿ ನಿಲ್ಲಲ್ಲ ಕಣೇ. ನೀನು ನೋಡ್ಕೊ, ಸಾಕು" ಅಂದರು. ಫೋಟೋವನ್ನು ಟವೆಲ್‌ನಲ್ಲಿ ಸುತ್ತಿ ವೈರ್ ಬ್ಯಾಗಿಗೆ ಹಾಕಿಕೊಂಡು ಜಯನಗರಕ್ಕೆ ಹೋದರು. ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಾಗುವವರೆಗೆ ಕೂತಿದ್ದರಂತೆ. ಮನೆಯಲ್ಲೇ ಬೀರುವಿನಲ್ಲಿ ಇಡಬಹುದಿತ್ತಲ್ಲ ಎಂದರೆ, "ಮಗಳು ಮನೆಗೆ ಬಂದಿರೋವಾಗ ಅವನನ್ನ ಬೀರೂಲಿ ಕೂಡಿ ಹಾಕ್ಲಾ?" ಅಂದರು.

ತಾರಸಿಯ ಮಾತು ಕೇಳಿದ್ದೀಯ. ಮುಚ್ಚಿಡುವುದಿಲ್ಲ. ಚಾಪೆಯ ಮೇಲೆ ಗೋರಿಕಾಯಿ ಹರಡುತ್ತಿದ್ದೆವು. ನಾನು ಕೈಗೆ ಬಂದ ಹಾಗೆ ಚೆಲ್ಲುತ್ತೇನೆ, ಅವಳು ಒಂದಕ್ಕೊಂದು ತಾಗದ ಹಾಗೆ ಇಡುತ್ತಿದ್ದಳು. "ಇಷ್ಟೊಂದು ಯಾರಿಗೆ ಅಜ್ಜಿ?" ಅಂದಳು. "ನಿಮಗೇ ಕಣಮ್ಮ" ಅಂದೆ. "ಎಲ್ಲಾ ನಮಗೇ ಕೊಟ್ರೆ ನಿಮ್ಮ ಮಕ್ಕಳಿಗೆ ಬೇಡ್ವಾ?"

ನಿನಗೆ ಮಾತು ಕೊಟ್ಟಿದ್ದೆನಲ್ಲ. "ನಂಗೆ ಮಕ್ಕಳಿಲ್ಲ ಪುಟ್ಟಾ" ಅಂದೆ.

ಅವಳು "ಓ" ಅಂದಳು. ಆಮೇಲೆ ಕಾಲು ಸುಡುತ್ತೆ ಅಂತ ನೆರಳಿಗೆ ಓಡಿಹೋದಳು. ಮಗುವಿಗೆ ಅದು ಅಷ್ಟೇ ಮಾತು. ನಾನು ಕೂತಲ್ಲೇ ಕೂತಿದ್ದೆ. ಹೆತ್ತು, ಹಾಲು ಕೊಟ್ಟು, ಕಾಲೇಜಿಗೆ ಕಳಿಸಿ, ಕೊನೆಗೆ ಬಾಯಿಗೆ ನೀರು ಬಿಟ್ಟು ಕಳಿಸಿಕೊಟ್ಟವಳು ನಾನು. ನನ್ನ ಬಾಯಲ್ಲೇ ಅವನು ಇರಲಿಲ್ಲ ಅಂತ ಬಂತು. ನಿನ್ನನ್ನು ಬೈದು ಬರೆದಿದ್ದೆನಲ್ಲ, ಆ ಮಾತುಗಳೆಲ್ಲ ಆಗ ನನಗೇ ತಿರುಗಿದವು.

ಕತ್ತಲಾದ ಮೇಲೆ ನಿನ್ನ ಮಾವ ಬಂದರು. ಫೋಟೋ ಒರೆಸಿ ಮೊಳೆಗೆ ಹಾಕಿದರು. ಕೈಕಾಲು ತೊಳೆದು ಬಂದು ಕೂತು, "ನೋಡೋಕೆ ಹೇಗಿದ್ದಾಳೆ?" ಎಂದು ಕೇಳಿದರು. ಹೇಳಿದೆ. "ಏನಾದ್ರೂ ಕೇಳಿದ್ಲಾ?" ಅಂದರು. ಮಕ್ಕಳಿಲ್ಲವಾ ಅಂತ ಕೇಳಿದಳು ಎಂದೆ. "ನೀನೇನಂದೆ?"

ಇಡೀ ದಿನ ಬಿಸಿಲಲ್ಲಿ ಕೂತು ಬಂದ ಮುಖ ಅದು. ನಿಜ ಹೇಳಲಾಗಲಿಲ್ಲ ಸುಧಾ. "ಒಬ್ಬ ಮಗ ಇದ್ದ ಅಂದೆ" ಎಂದೆ. "ಹೆಸರು ಕೇಳಿದ್ಲಾ?" ಅಂದರು. ಕೇಳಿದಳು ಎಂದೆ. "ಸುಭಾಷ್ ಅಂತ ಹೇಳ್ದಾ?" ಹೇಳಿದೆ ಎಂದೆ. "ಮತ್ತೆ ಅವಳೇನಂದ್ಲು?" "ಚೆನ್ನಾಗಿದೆ ಹೆಸರು ಅಂದ್ಲು" ಎಂದುಬಿಟ್ಟೆ.

ಅಂದಿನಿಂದ ಇದೇ ಆಗಿದೆ. ದಿನಾ ಊಟಕ್ಕೆ ಕೂತಾಗ ಕೇಳುತ್ತಾರೆ, ದಿನಾ ಹೇಳುತ್ತೇನೆ. ಬೋರಣ್ಣನಿಗೂ ಹೇಳಿದ್ದಾರೆ. ಬೇಸಿಗೆ ಮುಗಿಯುವುದರೊಳಗೆ ಮೊಮ್ಮಗಳಿಗೆ ಸುಭಾಷನ ವಿಷಯವಾಗಿ ತಾವೇ ಒಂದು ಕಾಗದ ಬರೆಯುತ್ತಾರಂತೆ, ಓನರ್ ತಾತ ಅಂತ ಸಹಿ ಹಾಕಿ. ಆಗಲಿ, ಬರೆಯಲಿ ಎಂದಿದ್ದೇನೆ.

ಅದಕ್ಕೇ ಅವಸರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಡೆಯ ಮಾತು ನಾನು ಇನ್ನು ಎತ್ತುವುದಿಲ್ಲ. ಅಪ್ಪ ಅಂತ ನೀನು ಹೇಳುವುದೂ ಬೇಡ. ಆ ಕಾಗದ ಬರುವ ಮೊದಲು ಅವಳನ್ನು ಹತ್ತಿರ ಕೂರಿಸಿಕೊಂಡು ಇಷ್ಟು ಮಾತ್ರ ಹೇಳು. ಓನರ್ ಅಜ್ಜಿ ಅವತ್ತು ಮರೆತು ಇಲ್ಲ ಅಂದಳಂತೆ, ಅವಳಿಗೆ ಒಬ್ಬ ಮಗ ಇದ್ದನಂತೆ, ಸುಭಾಷ್ ಅಂತ ಅವನ ಹೆಸರು.

ಪಾರ್ವತಮ್ಮ